ಕಥೆಯ ಜೊತೆ ಹೇಳಿದವರನ್ನೂ ಬರೆಯಿರಿ

ಪ್ರಶ್ನೆ: ನನಗೆ 60 ವರ್ಷ. ಮಕ್ಕಳ ಒತ್ತಾಯಕ್ಕೆ ನನ್ನ ಬದುಕಿನ ಕಥೆ ಬರೆಯಲು ಕೂತೆ. 40 ಪುಟ ಆಗಿದೆ. ತಿರುಗಿ ಓದಿದರೆ ಅದರಲ್ಲಿ ನಾನೇ ಇಲ್ಲ, ಬರೀ ಅಜ್ಜಿ, ಅಮ್ಮ, ಮಾವ, ದೊಡ್ಡಮ್ಮ. ಅವರನ್ನು ಬಿಟ್ಟರೆ ಆ ಕಥೆಗಳು ನನ್ನ ಜೊತೆಗೇ ಹೋಗಿಬಿಡುತ್ತವೆ, ಇಟ್ಟುಕೊಂಡರೆ ಇದು ನನ್ನ ಪುಸ್ತಕ ಅನ್ನಿಸುವುದಿಲ್ಲ. ಇನ್ನೊಂದು ತೊಡಕು. ಅಮ್ಮನಿಗೆ ಏಳು ವರ್ಷವಿದ್ದಾಗ ಅಜ್ಜಿ ಮನೆ ಬಿಟ್ಟು ಹೋಗಿ ಮೂರು ತಿಂಗಳ ನಂತರ ವಾಪಸ್ ಬಂದರಂತೆ. 'ಹುಷಾರಿರಲಿಲ್ಲ, ತವರಿಗೆ ಹೋಗಿದ್ದಳು' ಎಂದು ಅಮ್ಮ ಹೇಳುತ್ತಿದ್ದರು. ಅಮ್ಮ ಈಗಿಲ್ಲ. 88ರ ದೊಡ್ಡಮ್ಮ 'ಅಪ್ಪನ ಹತ್ತಿರ ಜಗಳವಾಡಿ ಹೋದಳು' ಅನ್ನುತ್ತಾರೆ. ಯಾವುದನ್ನು ಬರೆಯಲಿ? ಅಣ್ಣನಂತೂ 'ಮನೆ ಮಾತು ಬೀದಿಗೆ ಯಾಕೆ' ಅಂತಾನೆ. ಅಮ್ಮ ಕೊನೆಯವರೆಗೂ ರಾತ್ರಿ ಹಿಂಬಾಗಿಲ ಚಿಲಕ ಹಾಕುತ್ತಿರಲಿಲ್ಲ, ನಾನೂ ಮದುವೆಯಾದ ಮೇಲೆ ಎಷ್ಟೋ ವರ್ಷ ಹಾಕುತ್ತಿರಲಿಲ್ಲ. ಇಂಥ ಸಣ್ಣಪುಟ್ಟದ್ದೆಲ್ಲ ಬೇಕಾ?

ಉತ್ತರ: ಮೊದಲನೇ ಮಾತು, ಆ 40 ಪುಟ ಹರಿಯಬೇಡಿ. ತಿದ್ದಲೂ ಬೇಡಿ. ಹಾಗೇ ಇರಲಿ.

ಬೇರೆಯವರ ಜೀವನಕಥೆಗಳನ್ನು ಬರೆಸುವ, ತಿದ್ದಿಕೊಡುವ ಕೆಲಸ ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ. ಹೆಚ್ಚುಕಡಿಮೆ ಎಲ್ಲರೂ ನಿಮ್ಮ ಹಾಗೆಯೇ ಶುರು ಮಾಡುತ್ತಾರೆ. ನೀವು ಎರಡು ಕೆಲಸಗಳನ್ನು ಒಂದೇ ಹಾಳೆಯ ಮೇಲೆ ಮಾಡುತ್ತಿದ್ದೀರಿ, ತೊಂದರೆ ಇರುವುದು ಅಲ್ಲೇ. ಮನೆಯವರ ಕಥೆಗಳನ್ನು ಕೂಡಿಡುವುದು ಒಂದು ಕೆಲಸ, ನಿಮ್ಮ ಕಥೆ ಹೇಳುವುದು ಇನ್ನೊಂದು. ಎರಡಕ್ಕೂ ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದು ಕಣಜ. ಅಲ್ಲಿಗೆ ಎಲ್ಲವೂ ಬರಲಿ: ಅರ್ಧ ನೆನಪಿರುವುದು, ಒಂದೇ ಸಾಲಿನದು, ಒಂದಕ್ಕೊಂದು ಹೊಂದದ್ದು, ಹೇಳಲು ಮುಜುಗರವಾಗುವುದು. ಅಲ್ಲಿ ಚಂದದ ಚಿಂತೆ ಬೇಡ. ಇನ್ನೊಂದು ನಿಮ್ಮ ಬದುಕಿನ ಕಥೆ. ಕಣಜದಿಂದ ಅದಕ್ಕೆ ಬೇಕಾದಷ್ಟನ್ನೇ ಅಳೆದು ತೆಗೆದುಕೊಳ್ಳಿ. ಪುಸ್ತಕಕ್ಕೆ ಬರದ ಕಥೆ ಸಾಯುವುದಿಲ್ಲ ಎಂಬ ಧೈರ್ಯ ಬಂದರೆ ಬಿಡುವುದು ಎಷ್ಟು ಸುಲಭ ಆಗುತ್ತದೆ ನೋಡಿ.

ನಿಮ್ಮ 40 ಪುಟ ಕಣಜದ ಮೊದಲ ಮೂಟೆ.

ಯಾವುದು ಪುಸ್ತಕಕ್ಕೆ ಬರಬೇಕು ಎನ್ನುವುದಕ್ಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ಕಥೆ ನಿಮ್ಮ ಬದುಕಿನೊಳಗೆ ಯಾವಾಗ, ಯಾರ ಬಾಯಿಂದ ಬಂತು? ಅಜ್ಜಿ ಮನೆ ಬಿಟ್ಟು ಹೋದಾಗ ನೀವು ಹುಟ್ಟಿಯೇ ಇರಲಿಲ್ಲ. ಹಾಗಾಗಿ ಅದು ಅಜ್ಜಿಯ ಕಥೆ. ಆದರೆ ಅಮ್ಮ ಅದನ್ನು ನಿಮಗೆ ಹೇಳಿದ ದಿನ ಇದೆಯಲ್ಲ, ಅದು ನಿಮ್ಮದು. ಆಗ ನಿಮಗೆಷ್ಟು ವಯಸ್ಸು, ಅಮ್ಮ ಏನು ಮಾಡುತ್ತಾ ಹೇಳಿದರು, ತಾವಾಗಿ ಹೇಳಿದರಾ, ನೀವು ಕೇಳಿದ್ದಕ್ಕೆ ಹೇಳಿದರಾ, ಹೇಳುವಾಗ ನಿಮ್ಮ ಮುಖ ನೋಡುತ್ತಿದ್ದರಾ, ಹೇಳಿ ಮುಗಿಸಿ ಮಾತು ಬದಲಾಯಿಸಿದರಾ. ಇದನ್ನು ಬರೆದರೆ ಅಜ್ಜಿ, ಅಮ್ಮ, ನೀವು ಮೂರೂ ಜನ ಒಂದೇ ಪುಟದಲ್ಲಿ ಬಂದು ಕೂರುತ್ತೀರಿ. ನೀವು ನಿಮ್ಮ ಪುಸ್ತಕದಲ್ಲಿ ಕಾಣೆಯಾಗಿರುವುದಕ್ಕೆ ಕಾರಣ ಸಂಬಂಧಿಕರು ಜಾಸ್ತಿ ಆಗಿದ್ದಲ್ಲ. ಕಥೆ ಬರೆದಿರಿ, ಹೇಳಿದವರನ್ನೂ ಕೇಳಿಸಿಕೊಂಡವರನ್ನೂ ಬಿಟ್ಟಿರಿ.

ಇದನ್ನು ನಾನು ಕಲಿತಿದ್ದು ಒಂದು ತಪ್ಪಿನಿಂದ. ನಮ್ಮ ದೊಡ್ಡಪ್ಪ ತಮ್ಮ ಚಿಕ್ಕಂದಿನ ಕಥೆಗಳನ್ನು ಎರಡು ಕ್ಯಾಸೆಟ್ ತುಂಬುವಷ್ಟು ಹೇಳಿದ್ದರು. ನಾನು ಶ್ರದ್ಧೆಯಿಂದ ಕೂತು ಎಲ್ಲವನ್ನೂ ಬರೆದೆ. ಅವರು ತೊದಲಿದ್ದು, ಹಿಂದೆ ಮುಂದೆ ಹೇಳಿದ್ದು, ಒಂದೇ ಮಾತನ್ನು ಮೂರು ಸಲ ಹೇಳಿದ್ದು ಎಲ್ಲ ತೆಗೆದು ನೀಟಾಗಿ ಮಾಡಿದೆ. ಬರೆದಾಯಿತಲ್ಲ ಎಂದು ಆ ಕ್ಯಾಸೆಟ್‌ಗಳ ಮೇಲೆ ಬೇರೇನೋ ರೆಕಾರ್ಡ್ ಮಾಡಿಕೊಂಡೆ. ಈಗ ಓದಿದರೆ ಅದರಲ್ಲಿ ನನ್ನ ವಾಕ್ಯಗಳಿವೆ, ದೊಡ್ಡಪ್ಪ ಇಲ್ಲ. ಇಂದಿಗೂ ಇದಕ್ಕೆ ನನಗೆ ಸಂಕಟವಾಗುತ್ತದೆ. ಆಮೇಲೆ ತಿಳಿಯಿತು, ದೊಡ್ಡವರೂ ಇದೇ ತಪ್ಪು ಮಾಡಿದ್ದರು. 1948ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ ಜನರ ಬಾಯಿಮಾತಿನ ಇತಿಹಾಸ ಸಂಗ್ರಹಿಸುವ ಕೆಲಸ ಶುರು ಮಾಡಿದರು. ಅಲ್ಲಿ ಮೊದಮೊದಲು ಮಾತನ್ನು ಬರಹಕ್ಕೆ ಇಳಿಸಿದ ಮೇಲೆ ಅದೇ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಬರಹ ಸಿಕ್ಕಿದರೆ ಸಾಕು, ದನಿ ಯಾಕೆ ಎನ್ನುವ ಕಾಲ ಅದು.

ಹಾಗಾಗಿ ಕಣಜದ ಪ್ರತಿ ಕಥೆಯ ತಲೆಯ ಮೇಲೆ ಮೂರು ವಿಷಯ ಬರೆಯಿರಿ. ಯಾರು ಹೇಳಿದರು, ಅವರು ಕಣ್ಣಾರೆ ಕಂಡಿದ್ದಾ ಇಲ್ಲ ಇನ್ನೊಬ್ಬರಿಂದ ಕೇಳಿದ್ದಾ, ನಿಮಗೆ ಯಾವಾಗ ಹೇಳಿದ್ದು. ಅವರದೇ ಒಂದು ಮಾತಾದರೂ ಇದ್ದ ಹಾಗೇ ಬರಲಿ. 'ಅಜ್ಜಿ ಬಹಳ ನೊಂದಿದ್ದರು' ಅಂತ ನೀವು ಬರೆಯುವುದಕ್ಕಿಂತ ದೊಡ್ಡಮ್ಮ ಯಾವ ಮಾತಿನಲ್ಲಿ ಹೇಳಿದರೋ ಆ ಮಾತು ಬೇಕು. ವ್ಯಾಕರಣ ತಪ್ಪಿರಲಿ, ಪರವಾಗಿಲ್ಲ.

ಈಗ ಎರಡು ಥರದ ಕಥೆಗೆ ಬರೋಣ. ಎರಡನ್ನೂ ಬರೆಯಿರಿ. ಪಕ್ಕಪಕ್ಕದಲ್ಲಿ ಇಡಿ, ಯಾರದು ಯಾವುದು ಎಂದು ಹೆಸರು ಹಾಕಿ. ಸುಮ್ನೆ ಜಾರಿಕೊಳ್ಳಲು ಹೇಳುತ್ತಿಲ್ಲ, ನೆನಪು ಕೆಲಸ ಮಾಡುವ ರೀತಿಯೇ ಹಾಗಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿದು ಹೋಯಿತು. ಮಾರನೇ ದಿನ ಬೆಳಗ್ಗೆಯೇ ಎಮರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಉಲ್ರಿಕ್ ನೈಸರ್ ತಮ್ಮಲ್ಲಿನ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದೆ, ಯಾರು ಹೇಳಿದರು, ಏನು ಮಾಡುತ್ತಿದ್ದೆ. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಅದೇ ಪ್ರಶ್ನೆ ಕೇಳಿದರು. ನಾಲ್ಕರಲ್ಲಿ ಒಬ್ಬರ ಉತ್ತರ ಮುಖ್ಯ ವಿವರಗಳಲ್ಲಿ ಪೂರ್ತಿ ಬೇರೆಯಾಗಿತ್ತು. ಅವರಿಗೋ ತಾವು ಹೇಳುತ್ತಿರುವುದೇ ಸರಿ ಎಂಬ ನಂಬಿಕೆ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ. ಎರಡೂವರೆ ವರ್ಷಕ್ಕೇ ಹೀಗಾದರೆ, ಅಮ್ಮ ಮತ್ತು ದೊಡ್ಡಮ್ಮ ಎಪ್ಪತ್ತು ಎಪ್ಪತ್ತೈದು ವರ್ಷ ಹೊತ್ತು ತಂದ ನೆನಪು ಒಂದೇ ಥರ ಇರಬೇಕು ಅಂದರೆ ಹೇಗೆ?

ಇನ್ನೂ ಒಂದು ಸಂಗತಿ. ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಅಪರಿಚಿತ ಜನಪದ ಕಥೆಯನ್ನು ಜನರಿಗೆ ಓದಲು ಕೊಟ್ಟು ಮತ್ತೆ ಮತ್ತೆ ಹೇಳಿಸಿದ್ದರು. ಪ್ರತಿ ಸಲವೂ ಕಥೆ ಚಿಕ್ಕದಾಗುತ್ತಾ ಹೋಯಿತು, ವಿಚಿತ್ರವಾದದ್ದು ಉದುರಿಹೋಯಿತು, ಹೇಳುವವರಿಗೆ ಪರಿಚಯವಿರುವ ವಸ್ತುಗಳು ಬಂದು ಸೇರಿಕೊಂಡವು. ಮನೆಯ ಕಥೆಗಳಿಗೂ ಇದೇ ಆಗುತ್ತದೆ. ಹಬ್ಬ ಹುಣ್ಣಿಮೆಗೆ ಸೇರಿದಾಗೆಲ್ಲ ಹೇಳಿ ಹೇಳಿ ನಯವಾದ ಕಥೆ ಇದೆಯಲ್ಲ, ಎಲ್ಲರೂ ಒಂದೇ ಜಾಗದಲ್ಲಿ ನಗುತ್ತಾರಲ್ಲ, ಅದರ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಯಾರೂ ಜಾಸ್ತಿ ಹೇಳದೆ ಉಳಿದ, ಮೂಲೆಗಳು ಒರಟಾಗಿರುವ ಕಥೆಯಲ್ಲಿ ಹಳೆಯ ವಿವರ ಹೆಚ್ಚು ಉಳಿದಿರಬಹುದು.

ಹೇಳಿದವರ ವಯಸ್ಸನ್ನೂ ಲೆಕ್ಕ ಹಾಕಿ. ನಿಮ್ಮ ಅಮ್ಮನಿಗೆ ಆಗ ಏಳು. ದೊಡ್ಡಮ್ಮನಿಗೆ? ಹನ್ನೆರಡೋ ಹದಿಮೂರೋ ಇದ್ದಿರಬೇಕು. ಏಳು ವರ್ಷದ ಮಗುವಿಗೆ ದೊಡ್ಡವರು 'ಅಮ್ಮನಿಗೆ ಹುಷಾರಿಲ್ಲ' ಎಂದೇ ಹೇಳಿರುತ್ತಾರೆ. ಹದಿಮೂರರ ಹುಡುಗಿ ರಾತ್ರಿ ಎಚ್ಚರವಿದ್ದು ಜಗಳ ಕೇಳಿಸಿಕೊಂಡಿರಬಹುದು. ಇದು ನನ್ನ ಊಹೆ ಅಷ್ಟೇ. ಆದರೆ ಹೀಗೆ ನೋಡಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ತಮಗೆ ಕಂಡಷ್ಟು ಹೇಳುತ್ತಿದ್ದಾರೆ. ಈ ಲೆಕ್ಕಾಚಾರವನ್ನೇ ಪುಟದ ಮೇಲೆ ಬರೆಯಿರಿ. 'ನನಗೆ ಅನ್ನಿಸುವುದು', 'ಇರಬಹುದು', 'ಕೇಳಲು ಈಗ ಅಮ್ಮ ಇಲ್ಲ' ಎನ್ನುವ ಮಾತುಗಳಿಗೆ ಹೆದರಬೇಡಿ. ಓದುವವರು ಅವನ್ನು ನೋಡಿಯೇ ನಿಮ್ಮನ್ನು ನಂಬುತ್ತಾರೆ. ಅಜ್ಜ ಅಜ್ಜಿ ಆ ರಾತ್ರಿ ಹೀಗೆ ಮಾತಾಡಿದರು ಎಂದು ಸಂಭಾಷಣೆ ಕಟ್ಟಿ ಮಾತ್ರ ಬರೆಯಬೇಡಿ. ಇಪ್ಪತ್ತು ವರ್ಷದ ನಂತರ ನಿಮ್ಮ ಮೊಮ್ಮಕ್ಕಳು ಅದನ್ನೇ ನಡೆದದ್ದು ಎಂದು ಹೇಳುತ್ತಿರುತ್ತಾರೆ.

ಹಳೆಯ ಕಾಗದ, ಶಾಲೆಯ ದಾಖಲೆ, ಆಸ್ತಿ ಪತ್ರ, ಆಸ್ಪತ್ರೆಯ ಚೀಟಿ ಏನಾದರೂ ಸಿಕ್ಕರೆ ಹೋಲಿಸಿ ನೋಡಿ. ಕಾಗದ ಬೇರೆ ಹೇಳಿದರೆ ಕಥೆಯನ್ನು ಅಳಿಸುವುದು ಬೇಡ, ಎರಡೂ ಇರಲಿ. ಮನೆಯವರೆಲ್ಲ ಐವತ್ತು ವರ್ಷ ಒಂದು ಕಥೆಯನ್ನು ಹೀಗೇ ಹೇಳಿಕೊಂಡು ಬಂದರು ಎನ್ನುವುದೂ ಆ ಮನೆಯ ಬಗ್ಗೆ ಏನೋ ಹೇಳುತ್ತದೆ, ಅಲ್ವಾ?

ದೊಡ್ಡಮ್ಮನ ವಿಷಯದಲ್ಲಿ ನನಗೆ ಆತುರ ಇದೆ. ಅವರಿಗೆ 88. ಬಾಯಿಂದ ಬಾಯಿಗೆ ಬರುವ ಮನೆಯ ನೆನಪು ಸುಮಾರು 80ರಿಂದ 100 ವರ್ಷ, ಅಂದರೆ ಮೂರು ನಾಲ್ಕು ತಲೆಮಾರು ಮಾತ್ರ ಬದುಕಿರುತ್ತದೆ ಎಂದು ಜರ್ಮನ್ ವಿದ್ವಾಂಸ ಯಾನ್ ಅಸ್ಮನ್ ಹೇಳಿದ್ದಾರೆ. ನಿಮ್ಮ ಅಜ್ಜಿಯ ಕಥೆ ಈಗ ಆ ಅಂಚಿನಲ್ಲಿದೆ. ಬರವಣಿಗೆ ನಿಲ್ಲಿಸಿ, ಮೊದಲು ಅವರ ಹತ್ತಿರ ಹೋಗಿ ಕೂರಿ.

ಹೇಗೆ ಕೂರಬೇಕು ಅನ್ನುವುದು ಮುಖ್ಯ. 'ನಿಮ್ಮ ಜೀವನದ ಬಗ್ಗೆ ಹೇಳಿ' ಎಂದು ಕೇಳಿದರೆ 'ಏನಿದೆ ಹೇಳೋಕೆ' ಅನ್ನುತ್ತಾರೆ, ಇದನ್ನು ನಾನು ನೂರು ಸಲ ನೋಡಿದ್ದೇನೆ. ದೊಡ್ಡ ಪ್ರಶ್ನೆಗೆ ಚಿಕ್ಕ ಉತ್ತರ ಬರುತ್ತದೆ, ಚಿಕ್ಕ ಪ್ರಶ್ನೆಗೆ ದೊಡ್ಡದು. ಒಂದು ಖಾಲಿ ಹಾಳೆ ಕೊಟ್ಟು ಅವರು ಹುಟ್ಟಿ ಬೆಳೆದ ಮನೆಯ ನಕ್ಷೆ ಬರೆಯಿಸಿ. ಗೆರೆ ಸೊಟ್ಟಗಿರಲಿ. ಬಾಗಿಲು ಎಲ್ಲಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಅಜ್ಜ ಒಳಗೆ ಬಂದರೆ ಯಾರು ಎದ್ದು ಹೋಗುತ್ತಿದ್ದರು, ಮಕ್ಕಳು ಹೋಗಬಾರದ ಕೋಣೆ ಯಾವುದು. ಕೈ ಗೆರೆ ಎಳೆಯುತ್ತಿದ್ದಂತೆ ಬಾಯಿ ತಾನಾಗಿ ಮಾತಾಡುತ್ತದೆ. ಹಳೆಯ ಫೋಟೊ ಇದ್ದರೆ ಒಂದೊಂದಾಗಿ ಕೈಗೆ ಕೊಡಿ, ಒಟ್ಟಿಗೆ ಬೇಡ. ಅದರಲ್ಲಿ ಯಾರಿದ್ದಾರೆ ಎಂದು ಕೇಳಿದ ಮೇಲೆ ಯಾರಿಲ್ಲ, ಯಾಕಿಲ್ಲ ಎಂದೂ ಕೇಳಿ. ಫೋಟೊ ತೆಗೆದವರು ಯಾರು ಎಂದು ಕೇಳುವುದನ್ನು ಎಲ್ಲರೂ ಮರೆಯುತ್ತಾರೆ, ನೀವು ಮರೆಯಬೇಡಿ. ಹಳೇ ಟ್ರಂಕು, ಬಟ್ಟೆ, ಏನಾದರೂ ವಸ್ತು ಇದ್ದರೆ ಅದನ್ನೂ ಹೊರಗೆ ತೆಗೆಯಿರಿ. ವಾಸನೆ ಎಬ್ಬಿಸುವ ನೆನಪುಗಳು ಮಾತು ಎಬ್ಬಿಸುವ ನೆನಪುಗಳಿಗಿಂತ ಹಳೆಯವು, ಹೆಚ್ಚಾಗಿ ಹತ್ತು ವರ್ಷ ತುಂಬುವ ಮುಂಚಿನವು ಎಂದು ಪ್ರಯೋಗಗಳಲ್ಲಿ ಕಂಡಿದೆ. ತೀರಾ ಇತ್ತೀಚಿನದನ್ನು ಬಿಟ್ಟರೆ, ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತು ವರ್ಷ ವಯಸ್ಸಿನ ನಡುವಿನ ದಿನಗಳು ಉಳಿದೆಲ್ಲಕ್ಕಿಂತ ಜಾಸ್ತಿ ನೆನಪಿರುತ್ತವೆ ಎನ್ನುವುದೂ ಗೊತ್ತಿರುವ ವಿಷಯ. ನಿಮ್ಮ ಅದೃಷ್ಟಕ್ಕೆ ಅಜ್ಜಿ ಮನೆ ಬಿಟ್ಟಿದ್ದು ದೊಡ್ಡಮ್ಮನ ಆ ವಯಸ್ಸಿನಲ್ಲೇ.

ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಆ ಮೌನಕ್ಕೆ ಹೆದರಿ ಇನ್ನೊಂದು ಪ್ರಶ್ನೆ ಎಸೆದುಬಿಡುತ್ತೇವೆ, ಬರಬೇಕಾಗಿದ್ದ ಮಾತು ಒಳಗೇ ಉಳಿಯುತ್ತದೆ. 'ಇಲ್ಲ ದೊಡ್ಡಮ್ಮ, ಅದು ಹಾಗಲ್ಲ, ಅಮ್ಮ ಬೇರೆ ಹೇಳ್ತಿದ್ದರು' ಎಂದು ನಡುವೆ ತಿದ್ದಬೇಡಿ. ನಿಮಗೆ ಗೊತ್ತಿರುವುದನ್ನು ಒಮ್ಮೆ ಹೇಳಿಬಿಟ್ಟರೆ ಆಮೇಲೆ ಅವರು ಹೇಳುವುದರಲ್ಲಿ ಅದೂ ಕಲೆತುಹೋಗುತ್ತದೆ. ಮಾವನ ಹತ್ತಿರವೂ ಕೇಳುವುದಿದ್ದರೆ ಮೊದಲು ಬೇರೆ ಬೇರೆಯಾಗಿ ಕೇಳಿ, ಕೊನೆಗೆ ಇಬ್ಬರನ್ನೂ ಕೂರಿಸಿ. ಜೊತೆಯಲ್ಲಿ ಕೂತಾಗ ದನಿ ಜೋರಿದ್ದವರ ಕಥೆ ಗೆಲ್ಲುತ್ತದೆ. ಒಂದು ಸಲಕ್ಕೆ ಒಂದು ಗಂಟೆ ಸಾಕು. ಏಳುವ ಮುಂಚೆ 'ನಾನು ಕೇಳದೆ ಬಿಟ್ಟಿದ್ದು ಏನಾದರೂ ಇದೆಯಾ' ಎಂದು ಕೇಳಿ. ರೆಕಾರ್ಡ್ ನಿಲ್ಲಿಸಿದ ಮೇಲೆ ಬಾಗಿಲ ಹತ್ತಿರ ನಿಂತು ಹೇಳುವ ಮಾತೇ ಎಷ್ಟೋ ಸಲ ದೊಡ್ಡದಾಗಿರುತ್ತದೆ. ಅದನ್ನು ಮನೆಗೆ ಬಂದ ತಕ್ಷಣ ಬರೆದಿಡಿ.

ರೆಕಾರ್ಡ್ ಮಾಡಲು ಮೊಬೈಲ್ ಸಾಕು. ಮಾಡುವ ಮುಂಚೆ ಅವರನ್ನು ಕೇಳಿ, ಅವರು ಒಪ್ಪಿದ ಮಾತೂ ರೆಕಾರ್ಡ್ ಆಗಲಿ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅವರಿಂದ ಒಂದು ಗೇಣು ಎರಡು ಗೇಣು ದೂರದಲ್ಲಿ ಬಟ್ಟೆಯ ಮೇಲೆ ಇಡಿ. ಒಂದು ನಿಮಿಷ ಮಾತಾಡಿಸಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಶುರುವಿನಲ್ಲಿ ತಾರೀಕು, ಅವರ ಹೆಸರು, ನಿಮ್ಮ ಹೆಸರು ಹೇಳಿ. ಆ್ಯಪ್‌ನಲ್ಲಿ ವೇವ್ (WAV) ಫಾರ್ಮ್ಯಾಟ್ ಇದ್ದರೆ ಅದನ್ನೇ ಆರಿಸಿ. ಅದರಲ್ಲಿ ದನಿ ಒತ್ತಿ ಕುಗ್ಗಿಸಿರುವುದಿಲ್ಲ, ಜಾಗ ಮಾತ್ರ ಜಾಸ್ತಿ ಹಿಡಿಯುತ್ತದೆ.

ಕಣಜ ತುಂಬುತ್ತಾ ಹೋದಂತೆ ಇನ್ನೊಂದು ಗಮನಿಸುತ್ತೀರಿ. ಕೆಲವರಿಗೆ ಹತ್ತು ಕಥೆ, ಕೆಲವರಿಗೆ ಒಂದೇ ವಾಕ್ಯ. 'ಆಕೆ ಮದುವೆ ಆಗಲೇ ಇಲ್ಲ.' 'ಅವನು ಚಿಕ್ಕಂದಿನಲ್ಲೇ ಹೋಗಿಬಿಟ್ಟ.' ಇನ್ನು ಕೆಲವರ ಮೇಲೆ ಒಂದೇ ಪದ ಅಂಟಿರುತ್ತದೆ: ಸಿಟ್ಟಿನ ಅಜ್ಜ, ಪಾಪದ ಚಿಕ್ಕಮ್ಮ. ದಯವಿಟ್ಟು ಇವರಿಗಾಗಿ ಹೆಚ್ಚು ಹುಡುಕಿ. ಜಗಳದ ಕಥೆಯಲ್ಲಿ ನಿಮ್ಮ ಅಜ್ಜ ಬರೀ ಕಾರಣವಾಗಿ ನಿಂತಿದ್ದಾರೆ. ಅವರು ಆ ಮೂರು ತಿಂಗಳು ಏನು ಮಾಡುತ್ತಿದ್ದರು? ಮಕ್ಕಳ ತಲೆ ಯಾರು ಬಾಚುತ್ತಿದ್ದರು? ಅವರ ಕೈ ಹೇಗಿತ್ತು, ಯಾವುದಕ್ಕೆ ನಗುತ್ತಿದ್ದರು? ಎರಡು ಮೂರು ವಿವರ ಸಿಕ್ಕರೂ ಅಂಟಿದ ಪದ ಸಡಿಲವಾಗುತ್ತದೆ. ಹೆಣ್ಣುಮಕ್ಕಳ ಹೆಸರುಗಳನ್ನು ಪೂರ್ತಿ ಬರೆಯಿರಿ. 'ಅವನ ಹೆಂಡತಿ', 'ಇವರ ತಾಯಿ' ಎಂದಷ್ಟೇ ಉಳಿದು ಎರಡೇ ತಲೆಮಾರಿಗೆ ಹೆಸರೇ ಅಳಿಸಿಹೋದವರನ್ನು ನಾನು ಬಹಳ ಮನೆಗಳ ಕಥೆಯಲ್ಲಿ ನೋಡಿದ್ದೇನೆ.

ಅಣ್ಣನ ಮಾತನ್ನು ತಳ್ಳಿಹಾಕಬೇಡಿ. ಅವರ ಭಯಕ್ಕೂ ಏನೋ ಕಾರಣ ಇರುತ್ತದೆ, ಬಿಡುವಾಗಿ ಕೇಳಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಗುಟ್ಟು ಯಾರದು, ಇದರಿಂದ ಈಗ ಬದುಕಿರುವ ಯಾರಿಗೆ ನೋವಾಗುತ್ತದೆ, ನಾನು ಯಾರನ್ನಾದರೂ ಶಿಕ್ಷಿಸಲು ಬರೆಯುತ್ತಿದ್ದೇನಾ? ಕೊನೆಯ ಪ್ರಶ್ನೆಗೆ ಹೌದು ಅನ್ನಿಸಿದರೆ ಆ ಪುಟವನ್ನು ಆರು ತಿಂಗಳು ಮುಟ್ಟಬೇಡಿ. ನಿಮ್ಮ ಅಜ್ಜಿಯ ಕಥೆಯಲ್ಲಿ ನನಗೆ ನಾಚಿಕೆಪಡುವಂಥದ್ದು ಕಾಣುವುದಿಲ್ಲ. ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಇಬ್ಬರು ಮನೋವಿಜ್ಞಾನಿಗಳು, ಅವರೂ ಎಮರಿಯವರೇ, ಮಕ್ಕಳಿಗೆ ಮನೆಯ ಹಿಂದಿನ ಕಥೆ ಎಷ್ಟು ಗೊತ್ತು ಎಂದು 20 ಪ್ರಶ್ನೆ ಕೇಳಿ ನೋಡಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು, ಮನೆಯಲ್ಲಿ ಯಾವ ಕಷ್ಟ ಬಂದಿತ್ತು, ಇಂಥವು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು. ಅದರಲ್ಲೂ ಬಿದ್ದದ್ದು, ಎದ್ದದ್ದು ಎರಡನ್ನೂ ಹೇಳುವ ಕಥೆಗಳು ಮಕ್ಕಳಿಗೆ ಒಳ್ಳೆಯ ಆಸರೆ ಎಂಬುದು ಡ್ಯೂಕ್ ಅವರ ಮಾತು. ನಿಮ್ಮ ಅಜ್ಜಿ ಹೋದರು, ವಾಪಸ್ಸೂ ಬಂದರು.

ಆದರೂ ಅಣ್ಣ ಒಪ್ಪದಿದ್ದರೆ ದಾರಿಗಳಿವೆ. ಅವರಿಗೆ ಆ ಪುಟಗಳನ್ನು ಮೊದಲೇ ಓದಲು ಕೊಡಿ. ಸಂಗತಿ ತಪ್ಪಿದ್ದರೆ ಅವರು ತಿದ್ದಲಿ, ನಿಮಗೆ ಅನ್ನಿಸಿದ್ದನ್ನು ತಿದ್ದುವ ಹಕ್ಕು ಅವರಿಗಿಲ್ಲ. ಅವರಿಗೆ ನೆನಪಿರುವುದನ್ನು ಒಂದು ಪುಟ ಬರೆದುಕೊಡಲು ಹೇಳಿ, ಅವರ ಹೆಸರಿನಲ್ಲೇ ಸೇರಿಸಿ. ಅಣ್ಣನ ಅಜ್ಜಿ ನಿಮ್ಮ ಅಜ್ಜಿಯಂತೆ ಇರದಿರಬಹುದು. ತೀರಾ ಸೂಕ್ಷ್ಮವಾದದ್ದು ಕಣಜದಲ್ಲೇ ಇರಲಿ, ಲಕೋಟೆಯಲ್ಲಿಟ್ಟು 'ಇಂಥ ವರ್ಷದ ನಂತರ ತೆರೆಯಿರಿ' ಎಂದು ಬರೆಯಿರಿ. ಹೆಸರು ಬದಲಾಯಿಸುವುದರಿಂದ ಮನೆಯವರ ಮಟ್ಟಿಗೆ ಏನೂ ಪ್ರಯೋಜನವಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಪುಸ್ತಕ ಅಚ್ಚು ಹಾಕಿಸಿ ಹೊರಗೆ ಕೊಡುವುದಾದರೆ ಮಾತ್ರ ಬದುಕಿರುವವರ ಬಗ್ಗೆ ಬರೆದ ಭಾಗವನ್ನು ಒಬ್ಬ ವಕೀಲರಿಗೆ ತೋರಿಸಿ. ಮಾನನಷ್ಟದ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ.

ಕೂಡಿಟ್ಟಿದ್ದನ್ನು ಕಾಪಾಡುವ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೂರು ಪ್ರತಿ, ಎರಡು ಥರದ ಸಾಧನದಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ. ಒಂದೇ ಮೊಬೈಲ್‌ನಲ್ಲಿ ಇರುವುದನ್ನು ಉಳಿಸಿದಂತೆ ಅಂತ ಅಂದುಕೊಳ್ಳಬೇಡಿ. ಫೋಟೊ ಹಿಂದೆ ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ, ಹೆಸರು ಬರೆಯಿರಿ. ಬಾಲ್ ಪೆನ್ ಬೇಡ, ಅಚ್ಚು ಮುಂದಿನ ಕಡೆ ಮೂಡುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ, ಅಂಟು ಹಾಳೆಯ ಆಲ್ಬಂಗಳಿಂದ ಹೊರಗೆ ತೆಗೆಯಿರಿ, ಹರಿಯುವಂತಿದ್ದರೆ ಎಳೆಯದೆ ಹಾಗೇ ಸ್ಕ್ಯಾನ್ ಮಾಡಿ. ಸಣ್ಣ ಫೋಟೊಗಳನ್ನು ಸ್ಕ್ಯಾನ್ ಮಾಡುವಾಗ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಇರಲಿ. ಬರೆದಿದ್ದನ್ನೆಲ್ಲ ಒಂದು ಪ್ರತಿ ಕಾಗದದ ಮೇಲೂ ತೆಗೆದಿಡಿ. ಕಾಗದ ಓದಲು ಯಾವ ಯಂತ್ರವೂ ಬೇಡ.

ಇನ್ನು ನಿಮ್ಮ ಕೊನೆಯ ಮಾತು. ಅಮ್ಮ ಚಿಲಕ ಹಾಕುತ್ತಿರಲಿಲ್ಲ, ನಾನೂ ಹಾಕುತ್ತಿರಲಿಲ್ಲ, ಇಂಥದ್ದೆಲ್ಲ ಬೇಕಾ ಎಂದು ಕೇಳಿದ್ದೀರಿ. ನಾನು ನಿಮ್ಮ ಪತ್ರದಲ್ಲಿ ಆ ಸಾಲಿಗೆ ಬಂದು ನಿಂತುಬಿಟ್ಟೆ. 40 ಪುಟದಲ್ಲಿ ಕಾಣೆಯಾದ ನೀವು ಅಲ್ಲಿದ್ದೀರಿ. ಅಮ್ಮನ ಬಾಯಿ 'ಹುಷಾರಿರಲಿಲ್ಲ' ಅಂದಿತು, ಅಮ್ಮನ ಕೈ ಮಾತ್ರ ಅಷ್ಟು ವರ್ಷ ಬೇರೇನೋ ಹೇಳುತ್ತಿತ್ತೇನೋ. ಅದು ಯಾಕೆ ಎಂದು ಗೊತ್ತಿಲ್ಲದೆಯೇ ನೀವು ಕಲಿತಿರಿ, ನಿಮ್ಮ ಮನೆಗೂ ತಂದಿರಿ. ಪುಸ್ತಕ ಅಲ್ಲಿಂದ ಶುರು ಮಾಡಿ. ನೀವು ಚಿಲಕ ಹಾಕಲು ಶುರು ಮಾಡಿದ ದಿನ ಯಾವುದು, ಯಾಕೆ ಎಂಬುದನ್ನೂ ಬರೆಯಿರಿ.

ದೊಡ್ಡಮ್ಮನ ಹತ್ತಿರ ಹೋದ ಮೊದಲ ದಿನ ಅಜ್ಜಿ ಹೋದ ವಿಷಯ ಎತ್ತಬೇಡಿ. ಆ ಹಿಂಬಾಗಿಲ ಬಗ್ಗೆ ಕೇಳಿ. ಯಾವ ಕಡೆಗೆ ತೆರೆಯುತ್ತಿತ್ತು, ತೆರೆದರೆ ಸದ್ದಾಗುತ್ತಿತ್ತಾ, ರಾತ್ರಿ ಅದನ್ನು ಹಾಕುವುದು ಯಾರ ಕೆಲಸವಾಗಿತ್ತು, ಚಿಲಕ ಎಷ್ಟು ಎತ್ತರದಲ್ಲಿತ್ತು, ಏಳು ವರ್ಷದ ಹುಡುಗಿಯ ಕೈಗೆ ಎಟುಕುತ್ತಿತ್ತಾ.